ಕಂಬಳಿಯ ಪುಟ

ನಮ್ಮ ಮನೆಯವರು ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ಹಿಂದೂಪುರದ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿರುವ ನಮ್ಮ ಜೆರಾಕ್ಸ್ ಅಂಗಡಿಯ ಬಾಗಿಲನ್ನು ಈಗ ನಾನೇ ತೆಗೆಯುತ್ತೇನೆ. ನೀರು ಚಿಮುಕಿಸುತ್ತೇನೆ, ಊದುಬತ್ತಿ ಹಚ್ಚುತ್ತೇನೆ, ನಾಲ್ಕು ಕಂಪ್ಯೂಟರುಗಳ ಮೇಲಿನ ಬಟ್ಟೆ ತೆಗೆಯುತ್ತೇನೆ. ನಾಲ್ಕನೆಯದು ಅವರದು. ಅದರ ಮುಂದೆ ಕೂರುವುದಕ್ಕೆ ಮೊದಲ ಆರು ತಿಂಗಳು ನನ್ನಿಂದ ಆಗಲಿಲ್ಲ. ಈಗ ಕೂರುತ್ತೇನೆ.

ಕಲ್ಯಾಣದುರ್ಗದ ಮೇಷ್ಟ್ರು ಫೋನು ಮಾಡಿದಾಗಲೆಲ್ಲ ಒಂದೇ ಮಾತು: "ಮರ್ತೋಗೋಕೆ ಮುಂಚೆ ಬರ್ದಿಡಮ್ಮಾ." ನಾನು ಓದಿದ್ದು ಹತ್ತನೇ ಕ್ಲಾಸು, ಅದೂ ಗಡಿಯ ಹಳ್ಳಿಯ ಕನ್ನಡ ಶಾಲೆಯಲ್ಲಿ. ಅಳುವುದನ್ನು ಬರೆಯಲು ನನಗೆ ಬರುವುದಿಲ್ಲ. ನೆನೆದರೆ ಈಗಲೂ ನಗು ಬರುವ ಒಂದು ಸಂಗತಿ ಇದೆ. ಅದನ್ನೇ ಬರೆಯುತ್ತೇನೆ. ಅದರಲ್ಲಿ ಆ ಮೇಷ್ಟ್ರೂ ಇದ್ದಾರೆ.

ನಮ್ಮ ಮನೆಯವರದು ನೇಯುವ ಮನೆತನ. ಮದುವೆಗೆ ಮುಂಚೆ ಹತ್ತು ವರ್ಷ ಗುಂಡಿ ಮಗ್ಗದಲ್ಲಿ ಕಾಲಿಟ್ಟು ಕೂತವರು. ಆಮೇಲೆ ಮಗ್ಗ ಬಿಟ್ಟು, ಅಂಗಡಿ ಹಿಡಿದು, ಜೆರಾಕ್ಸ್ ಮೆಷಿನ್ನಿನ ಪಕ್ಕದಲ್ಲಿ ಇಂಟರ್ನೆಟ್ ಇಟ್ಟರು. ಒಂದು ದಿನ ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಏನೋ ಹುಡುಕುತ್ತಿದ್ದವರು ನನ್ನನ್ನು ಕೂಗಿದರು. ಅಂತರಜಾಲದಲ್ಲಿ ಒಂದು ಕನ್ನಡ ವಿಶ್ವಕೋಶ ಇದೆಯಂತೆ. ಯಾರು ಬೇಕಾದರೂ ಬರೆಯಬಹುದಂತೆ, ಇನ್ನೊಬ್ಬರು ಬರೆದದ್ದನ್ನು ಯಾರು ಬೇಕಾದರೂ ತಿದ್ದಬಹುದಂತೆ, ಯಾರಿಗೂ ಸಂಬಳವಿಲ್ಲವಂತೆ.

"ಸಂಬಳ ಇಲ್ದೆ ಯಾರು ಬರೀತಾರೆ?" ಎಂದೆ.

"ಅದು ಬಿಡೇ. ಇಲ್ನೋಡು. ನಮ್ಮೂರಿನ ಪುಟ. ಒಂದೂವರೆ ಸಾಲು! ಇಷ್ಟು ದೊಡ್ಡ ಹುಣಸೆ ಮಾರ್ಕೆಟ್ ಇರೋ ಊರಿಗೆ ಒಂದೂವರೆ ಸಾಲಾ?"

ಅವತ್ತು ಸಂಜೆಯೊಳಗೆ ಅದು ಹನ್ನೆರಡು ಸಾಲಾಯಿತು. ಅಲ್ಲಿಂದ ಅವರಿಗೆ ಹಿಡಿದ ಹುಚ್ಚು ಬಿಡಲಿಲ್ಲ. ಅದೇ ವಿಶ್ವಕೋಶಕ್ಕೆ ಬರೆಯುವ ಬೆಂಗಳೂರಿನ ನಾಲ್ಕಾರು ಜನರ ಪರಿಚಯವಾಯಿತು. ಒಂದು ಭಾನುವಾರ ಅವರನ್ನು ನೋಡಲು ರೈಲು ಹತ್ತಿ ಹೋದವರು ಒಂದು ಮಾತು ಕೊಟ್ಟು ಬಂದರು. ಆಂಧ್ರದ ಗಡಿಯ ಕನ್ನಡದವರು ಐದು ಜನರನ್ನು ಬರುವ ಯುಗಾದಿಯೊಳಗೆ ತಂದು ನಿಲ್ಲಿಸುತ್ತೇನೆ ಎಂದು. ತಂದು ತೋರಿಸುವುದಲ್ಲ, ಬಿಡದೆ ಬರೆಯುತ್ತಲೇ ಇರುವ ಹಾಗೆ ನಿಲ್ಲಿಸುವುದು. ಆ ಮಾತನ್ನು ಅವರು ಎಷ್ಟು ಮನಸ್ಸಿಗೆ ಹಚ್ಚಿಕೊಂಡಿದ್ದರು ಎನ್ನುವುದು ನನಗೆ ತಡವಾಗಿ ತಿಳಿಯಿತು. ನಮ್ಮ ಕಡೆಯವರಿಗೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು. "ನಾವು ಬರೀದಿದ್ರೆ ನಮ್ಮದನ್ನ ಯಾರು ಬರೀತಾರೆ ಹೇಳು, ಬೆಂಗ್ಳೂರಿನವ್ರು ಬರೀತಾರಾ?" ಎನ್ನುತ್ತಿದ್ದರು.

ಜನರನ್ನು ಹಿಡಿಯುವುದರಲ್ಲಿ ಮಾತ್ರ ಅವರಷ್ಟು ಜಾಣರಿಲ್ಲ. ರೇಷನ್ ಕಾರ್ಡಿನ ಜೆರಾಕ್ಸಿಗೆ ಬಂದವರು ಕನ್ನಡದಲ್ಲಿ ಒಂದು ಮಾತಾಡಿದರೆ ಸಾಕು, "ಯಾವೂರಣ್ಣಾ? ಟೀ ಕುಡೀತೀರಾ?" ಟೀ ಬರುವಷ್ಟರಲ್ಲಿ ಆ ಮನುಷ್ಯ ಕುರ್ಚಿಯ ಮೇಲೆ. ಲೋಟ ಖಾಲಿಯಾಗುವಷ್ಟರಲ್ಲಿ ಅವನ ಕೈ ಕೀಬೋರ್ಡಿನ ಮೇಲೆ. ಚಿಲಮತ್ತೂರಿನ ಹೋಟೆಲಿನವನೊಬ್ಬ ರಾಗಿ ಮುದ್ದೆಯ ಬಗ್ಗೆ ಬರೆದ. ಬ್ಯಾಂಕಿನ ಒಬ್ಬ ಹೆಣ್ಣುಮಗಳು ತನ್ನ ಊರಿನ ಕೆರೆಯ ಬಗ್ಗೆ ಬರೆದಳು. ಎರಡು ಕಂಪ್ಯೂಟರುಗಳಲ್ಲಿ ಕನ್ನಡ ಬರೀ ಚೌಕ ಚೌಕವಾಗಿ ಕಾಣುತ್ತಿತ್ತು. ಹುಣಸೆ ಮಂಡಿಯ ಗುಮಾಸ್ತನೊಬ್ಬ ಅದನ್ನೇ ನೋಡುತ್ತಾ ಕೂತು, "ಅಣ್ಣಾ, ಇದು ಬಿಸ್ಕತ್ತು ಜೋಡಿಸಿದಂಗೈತೆ, ಓದೋದು ಹೆಂಗೆ?" ಎಂದು ಕೇಳಿದ್ದ.

ಹೀಗೆ ಹನ್ನೊಂದು ಜನ ಬಂದರು. ಎಲ್ಲರೂ ಒಂದೊಂದು ಪುಟ ಬರೆದರು. ಎರಡನೆಯ ಸಲ ಯಾರೂ ಬರಲಿಲ್ಲ. ಮುದ್ದೆಯವನು ನಮ್ಮ ಅಂಗಡಿ ಬಂದಾಗ ರಸ್ತೆಯ ಆಚೆ ಬದಿಗೆ ದಾಟಿ ಹೋಗುತ್ತಿದ್ದ.

"ಯಾಕೆ ನಿಲ್ಲಲ್ಲ ಅಂತೀನಿ?" ಎಂದು ಅವರು ಊಟದ ಮುಂದೆ ಕೇಳುವರು.

"ನಿಮ್ಮ ಟೀ ಸರಿಯಿಲ್ಲ ಬಿಡಿ," ಎನ್ನುತ್ತಿದ್ದೆ ನಾನು. ನನಗೂ ಕಾರಣ ಗೊತ್ತಿರಲಿಲ್ಲ.

ಹನ್ನೆರಡನೆಯವರೇ ಮೇಷ್ಟ್ರು. ಕಂಬದೂರಿನ ಕಡೆಯ ಕುರಿ ಸಾಕುವ ಮನೆಯಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿ ಪಾಠ ಮಾಡಿ, ನಿವೃತ್ತರಾಗಿ ಕಲ್ಯಾಣದುರ್ಗದಲ್ಲಿ ಮನೆ ಮಾಡಿಕೊಂಡವರು. ಅದೇ ಊರಿಗೆ ಕೊಟ್ಟಿರುವ ನನ್ನ ಅತ್ತಿಗೆಯ, ಅಂದರೆ ನಮ್ಮ ಮನೆಯವರ ಅಕ್ಕನ, ಮನೆಯ ಗೃಹಪ್ರವೇಶದಲ್ಲಿ ಊಟಕ್ಕೆ ಇವರ ಪಕ್ಕದಲ್ಲಿ ಕೂತಿದ್ದರು. ಎಲೆಯ ಮೇಲೆ ಪಾಯಸ ಬರುವ ಹೊತ್ತಿಗೆ ಕಂಬಳಿಯ ಬಗ್ಗೆ ಬರೆಯಲು ಒಪ್ಪಿಕೊಂಡಿದ್ದರು. ಮುಂದಿನ ವಾರ ಹಿಂದೂಪುರಕ್ಕೇ ಬಂದು, ಒಂದು ಬೆಳಿಗ್ಗೆ ಪೂರಾ ಕೂತು, ಎರಡು ಬೆರಳಿನಲ್ಲಿ ಒತ್ತಿ ಒತ್ತಿ ಬರೆದರು. ಉಣ್ಣೆ ಕತ್ತರಿಸುವುದು, ನೂಲುವುದು, ಮಗ್ಗಕ್ಕೆ ಉದ್ದದೆಳೆಯ ಹಾಸು ಹಾಕುವುದು, ಹುಣಸೆ ಬೀಜದ ಗಂಜಿ ಹಚ್ಚುವುದು. ನಮ್ಮ ಮನೆಯವರು ಅದರ ಒಂದು ಪ್ರತಿ ತೆಗೆದುಕೊಟ್ಟರು. ಮೇಷ್ಟ್ರು ಅದನ್ನು ಅಲ್ಲಿಯೇ ಮರೆತು ಹೋದರು. ಬಸ್ಸಿನ ಹೊತ್ತಾಗಿತ್ತು. ಹೋಗುವಾಗ, "ಇನ್ನು ಕುರಿ, ಕುರಿಹಟ್ಟಿ, ಕುರಿಯ ರೋಗ, ಎಲ್ಲಾ ಬರೀತೀನಿ ಕಣಪ್ಪಾ, ನಮ್ಮೂರಲ್ಲೂ ನೆಟ್ ಸೆಂಟರ್ ಐತೆ," ಎಂದರು.

"ಸಿಕ್ಕಿದ್ರು ಕಣೇ," ಎಂದರು ನಮ್ಮ ಮನೆಯವರು. "ಐದು ಜನ ಬ್ಯಾಡ. ಇವರೊಬ್ರು ನಿಂತ್ರೆ ಸಾಕು."

ಎರಡು ವಾರ ಕಾದರು. ಮೇಷ್ಟ್ರು ಒಂದು ಸಾಲೂ ಬರೆಯಲಿಲ್ಲ. ಫೋನು ಮಾಡಿದರೆ, "ಪುರಸೊತ್ತಿಲ್ಲ," ಎಂದು ಇಟ್ಟುಬಿಟ್ಟರು. ನಿವೃತ್ತರಾದವರಿಗೆ ಎಂಥ ಕೆಲಸ? ನಮ್ಮ ಮನೆಯವರಿಗೆ ಊಟ ರುಚಿಸಲಿಲ್ಲ. ಆಮೇಲೆ ಅತ್ತಿಗೆ ಫೋನು ಮಾಡಿ ಸುದ್ದಿ ಹೇಳಿದರು. ಮೇಷ್ಟ್ರು ತಮ್ಮ ಟೀ ಅಂಗಡಿಯ ಗೆಳೆಯರನ್ನೆಲ್ಲ ಕರೆದುಕೊಂಡು ನೆಟ್ ಸೆಂಟರಿಗೆ ಹೋಗಿದ್ದರಂತೆ, ನಾನು ಬರೆದದ್ದು ತೋರಿಸುತ್ತೇನೆ ಬನ್ನಿ ಎಂದು. ಕಂಬಳಿಯ ಪುಟ ತೆರೆದರೆ ಅದರಲ್ಲಿ ಅವರು ಬರೆದದ್ದು ಒಂದೇ ಒಂದು ಸಾಲೂ ಇರಲಿಲ್ಲವಂತೆ. ಗೆಳೆಯರು, "ಏಮಯ್ಯಾ, ನುವ್ವು ರಾಸಿಂದಿ ಎಕ್ಕಡ?" ಎಂದು, ನೀನು ಬರೆದದ್ದು ಎಲ್ಲಯ್ಯಾ ಎಂದು, ತೆಲುಗಿನಲ್ಲಿ ಕೇಳಿ ಕೇಳಿ ನಕ್ಕರಂತೆ. ಅವತ್ತಿನಿಂದ ಮೇಷ್ಟ್ರು ಟೀ ಕುಡಿಯಲು ಇನ್ನೊಂದು ಅಂಗಡಿಗೆ ಹೋಗುತ್ತಿದ್ದರು.

"ಅದೆಂಗೆ ಇರಲ್ಲ? ನಾನೇ ಸರಿ ಮಾಡಿಟ್ಟಿದೀನಲ್ಲ!" ಎಂದು ನಮ್ಮ ಮನೆಯವರು ಪುಟ ತೆಗೆದರು. ನಾನು ಮೇಷ್ಟ್ರು ಮರೆತುಹೋಗಿದ್ದ ಕಾಗದ ಹಿಡಿದುಕೊಂಡು ಪಕ್ಕದಲ್ಲಿ ನಿಂತೆ. ಒಂದೊಂದೇ ಸಾಲು ತಾಳೆ ನೋಡಿದೆ. ಕಾಗದದಲ್ಲಿ, 'ನಮ್ಮವ್ವ ಹುಣಸೆ ಬೀಜವನ್ನು ಒಂದು ರಾತ್ರಿ ನೆನೆಹಾಕಿ, ಸಿಪ್ಪೆ ಬಿಡಿಸಿ, ರುಬ್ಬಿ, ಕಾಯಿಸಿ ಗಂಜಿ ಮಾಡುತ್ತಿದ್ದಳು' ಎಂದಿತ್ತು. ಪರದೆಯ ಮೇಲೆ, 'ನೂಲಿನ ಗಟ್ಟಿತನಕ್ಕಾಗಿ ಹುಣಸೆ ಬೀಜದ ಗಂಜಿಯನ್ನು ಲೇಪಿಸಲಾಗುತ್ತದೆ' ಎಂದಿತ್ತು. ತಪ್ಪೇನೂ ಇರಲಿಲ್ಲ. ಚೆನ್ನಾಗಿಯೇ ಇತ್ತು.

"ಇದರಲ್ಲಿ ಮೇಷ್ಟ್ರ ಅವ್ವ ಎಲ್ಲಿ?" ಎಂದೆ.

ಅವರು ಪುಟವನ್ನು ಇನ್ನೊಮ್ಮೆ ಮೇಲಿನಿಂದ ಓದಿದರು. ಆಮೇಲೆ ಮುದ್ದೆಯ ಪುಟ ತೆಗೆದರು, ಕೆರೆಯ ಪುಟ ತೆಗೆದರು. ಹನ್ನೊಂದೂ ಪುಟ ಹಾಗೆಯೇ. ಬಂದವರು ಅಂಗಡಿಯ ಮೆಟ್ಟಿಲಿಳಿದ ಮೇಲೆ ಇವರು ಕೂತು ಎಲ್ಲವನ್ನೂ ಬಿಚ್ಚಿ ಮತ್ತೆ ನೇಯ್ದಿದ್ದರು.

ಇದು ನೇಯುವವರ ಮನೆಯ ರೂಢಿ ಎಂದು ಗೊತ್ತಿಲ್ಲದಿದ್ದರೆ ಇವರನ್ನು ಯಾರಾದರೂ ಕೆಟ್ಟವರು ಎಂದುಕೊಳ್ಳಬೇಕು. ನಮ್ಮ ಮಾವನವರ ಮಗ್ಗದಲ್ಲಿ ಹೊಸದಾಗಿ ಕಲಿಯಲು ಬಂದವರು ಎಳೆ ತಪ್ಪಿಸಿದರೆ ಅವರ ಎದುರಿಗೆ ಯಾರೂ ಒಂದು ಮಾತು ಆಡುತ್ತಿರಲಿಲ್ಲ. ಅವರು ಊಟಕ್ಕೆ ಎದ್ದಾಗ ಹಿರಿಯರು ಸದ್ದಿಲ್ಲದೆ ಗುಂಡಿಗೆ ಇಳಿದು, ತಪ್ಪಿದ ಕಡೆಯ ಹೊಕ್ಕಿನ ಎಳೆ ಬಿಚ್ಚಿ, ನೇಯ್ದು ಎದ್ದುಬಿಡುತ್ತಿದ್ದರು. ಕಲಿಯುವವರಿಗೆ ಅವಮಾನವಾಗಬಾರದು. ನಾಲ್ಕು ಜನರ ಮುಂದೆ ತಪ್ಪು ತೋರಿಸುವುದು ಹೊಡೆದದ್ದಕ್ಕಿಂತ ಹೆಚ್ಚು. ಹಾಗೆ ನೋಡಿದರೆ ನಮ್ಮ ಮನೆಯವರು ಆ ಹನ್ನೆರಡು ಜನರಿಗೂ ಮರ್ಯಾದೆ ಮಾಡಿದ್ದರು.

ಆದರೆ ಮಗ್ಗದ ಮೇಲಿನ ಸೀರೆ ಸಾಹುಕಾರನದು. ಕಲಿಯುವವನು ಅದನ್ನು ತನ್ನದೆಂದು ತೋರಿಸಲು ಯಾರನ್ನೂ ಕರೆದುಕೊಂಡು ಬರುವುದಿಲ್ಲ. ಇದು ಇವರಿಗೆ ಹೊಳೆದಿರಲಿಲ್ಲ. ಹೊಳೆದ ಮೇಲೆ ಕಂಪ್ಯೂಟರ್ ಆರಿಸಿ ಎದ್ದರು. ಆಮೇಲೆ, "ನಾಳೆ ಕಲ್ಯಾಣದುರ್ಗಕ್ಕೆ ಹೋಗೋಣ. ನೀನೂ ಬಾ. ನಿನ್ನ ಮುಂದೆ ಆದ್ರೆ ಬೈಯೋದು ಕಮ್ಮಿ ಬೈತಾರೆ," ಎಂದರು.

ಬರಿಗೈಯಲ್ಲಿ ಹೋಗುವುದು ಹೇಗೆ? ನಾನು ಹಣ್ಣು ತರುತ್ತೇನೆ ಎಂದು ಹೋದವಳು ಮಂಡಿಯ ಮುಂದೆ ನಿಂತು, ಏನು ತೋಚಿತೋ, ಎರಡು ಸೇರು ಹುಣಸೆ ಬೀಜ ಕಟ್ಟಿಸಿಕೊಂಡು ಬಂದೆ. ಎರಡು ಬಸ್ಸು ಬದಲಿಸಿ ಹೋಗುವ ದಾರಿಯುದ್ದಕ್ಕೂ ಆ ಚೀಲ ನನ್ನ ತೊಡೆಯ ಮೇಲೆ ಗರಗರ ಅನ್ನುತ್ತಿತ್ತು. "ಬೀಜ ತಗೊಂಡು ನೆಂಟರ ಮನೆಗೆ ಹೋಗೋರನ್ನ ಇವತ್ತೇ ನೋಡಿದ್ದು," ಎಂದು ನಮ್ಮ ಮನೆಯವರು ಅಷ್ಟು ಚಿಂತೆಯಲ್ಲೂ ನಕ್ಕರು.

ಮೇಷ್ಟ್ರು ಬಾಗಿಲಲ್ಲೇ ಇದ್ದರು. ಒಳಗೆ ಬನ್ನಿ ಎನ್ನಲಿಲ್ಲ, ಬೇಡವೆಂದೂ ಅನ್ನಲಿಲ್ಲ. ನಾವೇ ಚಪ್ಪಲಿ ಬಿಟ್ಟು ಒಳಗೆ ಹೋದೆವು.

"ಬಂದ್ಬುಟ್ಯೇನಪ್ಪಾ? ಮನೇಲೂ ಏನಾದ್ರೂ ತಿದ್ದೋದೈತಾ? ಅಗೋ ಆ ಕಿಟಕಿ ವಸಿ ಸೊಟ್ಟ ಐತೆ. ನಾನು ಆಚೆ ಹೋಯ್ತೀನಿ, ಬರೋಷ್ಟರಲ್ಲಿ ನೆಟ್ಟಗೆ ಮಾಡ್ಬುಡು."

ಅಷ್ಟರಲ್ಲಿ ಒಳಗಿನ ಮಂಚದ ಮೇಲಿನಿಂದ ಒಂದು ದನಿ ಬಂತು. ಮೇಷ್ಟ್ರ ಅವ್ವ ಇನ್ನೂ ಬದುಕಿದ್ದಾರೆ ಎಂದು ನಮಗೆ ಗೊತ್ತೇ ಇರಲಿಲ್ಲ!

"ಯಾರ್ಲಾ ಅದು?"

"ಅದೇ ಕಣವ್ವಾ, ಹಿಂದೂಪುರದೋರು."

"ಏನಪ್ಪಾ, ಕಂಪ್ಯೂಟರಿಂದ ನನ್ನ ಆಚೆಗಾಕ್ದೋನು ನೀನೇನಾ?"

ನನಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಹಿಡಿದೆ. ನಮ್ಮ ಮನೆಯವರ ಮುಖ ನೋಡಬೇಕಿತ್ತು. ಅವರು ಮಂಚದ ಹತ್ತಿರ ಹೋಗಿ, ಅಜ್ಜಿಯ ಕಾಲು ಮುಟ್ಟಿ, "ನಾನೇ ಅಜ್ಜೀ. ತಪ್ಪಾಯ್ತು," ಎಂದರು.

"ಕಾಲು ಬಿಡು. ಅಷ್ಟು ದೊಡ್ಡ ಪೆಟ್ಟಿಗೇಲಿ ನಾನೊಬ್ಳು ಕೂರಕ್ಕೆ ಜಾಗ ಇರ್ನಿಲ್ವಾ?"

ನಾನು ಏನಾದರೂ ಮಾಡಬೇಕೆಂದು ಬೀಜದ ಚೀಲವನ್ನು ಅಜ್ಜಿಯ ಮಡಿಲಲ್ಲಿ ಇಟ್ಟೆ. ಅಜ್ಜಿ ಒಂದು ಹಿಡಿ ತೆಗೆದು, ಒಂದನ್ನು ಹಲ್ಲಿಲ್ಲದ ಬಾಯಿಗೆ ಹಾಕಿ ಒತ್ತಿ ನೋಡಿ, "ಇದು ಹೋದೊರ್ಸದ್ದು. ಗಂಜಿಗೆ ಹಳೇದೇ ಸೈ," ಎಂದರು. ಒಂದು ರಾತ್ರಿ ನೆನೆಸಿದರೆ ಸಾಕಾ ಎಂದು ನಾನು ಕೇಳಿದೆ. ಅಲ್ಲಿಂದ ಶುರುವಾಯಿತು. ಚಳಿಗಾಲವಾದರೆ ಒಂದೂವರೆ ದಿನ ನೆನೆಯಬೇಕು, ಗಂಜಿ ಬೆರಳಿಗೆ ಅಂಟಿ ಎಳೆ ಬಿಡಬೇಕು, ಬಿಸಿ ಇದ್ದಾಗಲೇ ಹಾಸಿನ ನೂಲಿಗೆ ಹಚ್ಚಬೇಕು, ತಡವಾದರೆ ಹಾಸು ಕೋಲಿನಂತೆ ನಿಲ್ಲುತ್ತದೆ. ಮೇಷ್ಟ್ರು ಮಧ್ಯೆ ಬಾಯಿ ಹಾಕಿದರು: "ಇದ್ಯಾವುದೂ ನಂಗೆ ಹೇಳೇ ಇಲ್ವಲ್ಲವ್ವಾ!"

"ನೀನು ಕೇಳಿದ್ದ್ಯಾವಾಗ್ಲಾ? ನೀನು ಮೇಷ್ಟ್ರು. ನಿಂಗೆಲ್ಲಾ ಗೊತ್ತು."

ಅಷ್ಟರಲ್ಲಿ ಒಳಗಿನಿಂದ ಮಂಡಕ್ಕಿ, ಟೀ ಬಂದವು. ಮುನಿಸಿಕೊಂಡ ಮನೆಯಲ್ಲಿ ಟೀ ಬಂದರೆ ಅರ್ಧ ಕೆಲಸ ಆದಂತೆ.

ಮಧ್ಯಾಹ್ನ ಮೂವರೂ ಅಲ್ಲಿಯ ನೆಟ್ ಸೆಂಟರಿಗೆ ಹೋದೆವು. ನಮ್ಮ ಮನೆಯವರು ಕಂಬಳಿಯ ಪುಟ ತೆರೆದು, ಮೇಲುಗಡೆ 'ಇತಿಹಾಸ' ಎಂದು ಇರುವ ಕಡೆ ಒತ್ತಿದರು. ಆ ವಿಶ್ವಕೋಶದಲ್ಲಿ ಒಂದು ಒಳ್ಳೆಯದೆಂದರೆ ಯಾರು ಏನೇ ಬದಲಾಯಿಸಿದರೂ ಹಳೆಯದು ಹೋಗುವುದಿಲ್ಲ. ಒಂದರ ಕೆಳಗೊಂದು ಎಲ್ಲ ಇರುತ್ತದೆ, ಬರೆದವರ ಹೆಸರಿನ ಸಮೇತ. ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ ಮೇಷ್ಟ್ರ ಹೆಸರಿತ್ತು. ಒತ್ತಿದರೆ ಅವರ ಬರಹ ಅಷ್ಟೂ ತೆರೆದುಕೊಂಡಿತು, ಅವ್ವನ ಸಮೇತ.

ಮೇಷ್ಟ್ರು ಕನ್ನಡಕ ಒರೆಸಿಕೊಂಡು ಓದಿದರು. "ಇಲ್ಲೇ ಇತ್ತೇನಪ್ಪಾ ಇದು? ಇಷ್ಟು ದಿನಾನೂ?"

"ಇಲ್ಲೇ ಇತ್ತು ಸಾರ್. ಎಲ್ಲೂ ಹೋಗಿರ್ಲಿಲ್ಲ. ನಾನೇ ನಿಮಗೆ ತೋರಿಸ್ಬೇಕಾಗಿತ್ತು."

ನಮ್ಮ ಮನೆಯವರು ಹಳೆಯದನ್ನು ಮರಳಿ ತರಲು ಕೈ ಹಾಕಿದರು. ಮೇಷ್ಟ್ರು ತಡೆದರು. ಸ್ವಲ್ಪ ಹೊತ್ತು ಎರಡನ್ನೂ ನೋಡಿದರು. "ನೀನು ಬರ್ದಿರೋದ್ರಲ್ಲಿ ಮೊದಲ್ನೇ ಪ್ಯಾರಾ ಚೆನ್ನಾಗೈತೆ, ಇರ್ಲಿ. ಗಂಜಿ ನಂದು ಇರ್ಲಿ. 'ನಮ್ಮವ್ವ' ಅಂತ ವಿಶ್ವಕೋಶದಲ್ಲಿ ಬರೀಬಾರ್ದು ಅಂತ ನಂಗೂ ಗೊತ್ತು ಕಣಪ್ಪಾ, ಮೂವತ್ತು ವರ್ಷ ಪಾಠ ಮಾಡಿದೀನಿ. ಅದನ್ನ ನಾನೇ ತೆಗೀತೀನಿ. ಆದ್ರೆ ಒಂದು ಮಾತು. ಬಿಚ್ಚೋದಿದ್ರೆ ನನ್ನೆದುರಿಗೆ ಬಿಚ್ಚು. ನಾನು ಊಟಕ್ಕೆ ಹೋದಾಗ ಬಿಚ್ಬ್ಯಾಡ."

ಎರಡು ಬೆರಳಿನಲ್ಲಿ 'ನಮ್ಮವ್ವ' ಅಳಿಸಿ, 'ಕಂಬದೂರು ಭಾಗದ ಹೆಂಗಸರು' ಎಂದು ಹಾಕಿದರು. ಸಂಜೆ ಅದನ್ನು ಅಜ್ಜಿಗೆ ಓದಿ ಹೇಳಿದಾಗ ಅವರು, "ಎಲ್ಲಾರೂ ಬಂದ್ರು ಬಿಡು, ಒಳ್ಳೇದೇ ಆಯ್ತು," ಎಂದರು. ಪಾಸ್‌ಪೋರ್ಟ್ ಫೋಟೋ ತೆಗೆಯಲು ಅಂಗಡಿಯಲ್ಲಿ ಇಟ್ಟಿದ್ದ ಕ್ಯಾಮೆರಾವನ್ನು ನಮ್ಮ ಮನೆಯವರು ತಂದಿದ್ದರು. ಅಜ್ಜಿಯ ಎರಡು ಕೈ, ಬೊಗಸೆ ತುಂಬ ಹುಣಸೆ ಬೀಜ, ಅಷ್ಟೇ ಕಾಣುವ ಹಾಗೆ ಒಂದು ಫೋಟೋ ತೆಗೆದರು. ಕಂಬಳಿಯ ಪುಟದಲ್ಲಿ ಅದು ಈಗಲೂ ಇದೆ.

ಮರಳಿ ಬರುವಾಗ ಬಸ್ಸಿನಲ್ಲಿ ನಾನು ಅವರಿಗೆ ಒಂದು ವಿಷಯ ಹೇಳಿದೆ. ಮದುವೆಗೆ ಮುಂಚೆ ನಾನು ಹುಣಸೆಹಣ್ಣಿನ ಬೀಜ ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದೆ. ಹೊಸಬಳು ಬಂದರೆ ಅವಳನ್ನು ಕೈ ಚುರುಕಾದವಳ ಪಕ್ಕ ಎಂದೂ ಕೂರಿಸುತ್ತಿರಲಿಲ್ಲ. ಆ ಕೈಯ ವೇಗ ನೋಡಿಯೇ ಅವಳು ಮಧ್ಯಾಹ್ನಕ್ಕೆ ಎದ್ದು ಹೋಗುತ್ತಾಳೆ. ಚೆನ್ನಾಗಿ ಮಾತಾಡುವವಳ ಪಕ್ಕ ಕೂರಿಸುತ್ತಿದ್ದರು. ಮಾತು ಕೇಳಲು ಮಾರನೆಯ ದಿನವೂ ಬರುತ್ತಾಳೆ. ಕೈ ತಾನಾಗಿಯೇ ಕಲಿಯುತ್ತದೆ.

ಅವರು ಕಿಟಕಿಯ ಕಡೆ ನೋಡುತ್ತಾ, "ಇಷ್ಟು ದಿನ ಯಾಕೇ ಹೇಳ್ಲಿಲ್ಲ?" ಎಂದರು.

"ನೀವು ಕೇಳಿದ್ದ್ಯಾವಾಗ?" ಎಂದೆ, ಅಜ್ಜಿಯ ದನಿಯಲ್ಲಿ. ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ನಕ್ಕೆವು.

ಆಮೇಲೆ ಅಂಗಡಿಯಲ್ಲಿ ರೂಢಿ ಬದಲಾಯಿತು. ಹೊಸಬರು ಬರೆದದ್ದನ್ನು ನಮ್ಮ ಮನೆಯವರು ಒಂದು ವಾರ ಮುಟ್ಟುತ್ತಿರಲಿಲ್ಲ. ಮೊದಲು ಪುಟದ ಹಿಂದಿರುವ ಚರ್ಚೆಯ ಜಾಗದಲ್ಲಿ ಚೆನ್ನಾಗಿದೆ ಎಂದು ಬರೆದು, ಒಂದು ಪ್ರಶ್ನೆ ಕೇಳುತ್ತಿದ್ದರು. ತಪ್ಪು ಕಂಡರೂ ಕೈ ಕಟ್ಟಿಕೊಂಡು ಕೂರುವುದು ಅವರಿಗೆ ಎಷ್ಟು ಕಷ್ಟವಿತ್ತೆಂದರೆ, ಎದ್ದು ಹೋಗಿ ಒರೆಸಿದ ಜೆರಾಕ್ಸ್ ಮೆಷಿನ್ನನ್ನೇ ಮತ್ತೆ ಒರೆಸುತ್ತಿದ್ದರು. ಭಾನುವಾರ ಮಧ್ಯಾಹ್ನ ಮೇಷ್ಟ್ರು ಬಂದು ಕೂರುವರು, ಈಗಲೂ ಬರುತ್ತಾರೆ. ಅವರ ಬಾಯಿ ಸುಮ್ಮನಿರದು. ಹೊಸಬರನ್ನೆಲ್ಲ ಅವರ ಪಕ್ಕದಲ್ಲೇ ಕೂರಿಸುತ್ತಿದ್ದೆವು. ಮುದ್ದೆಯವನ ಹೋಟೆಲಿಗೆ ಇವರೇ ಹೋಗಿ, ತಿಂದು, ಕ್ಷಮೆ ಕೇಳಿ ಕರೆತಂದರು. ಬ್ಯಾಂಕಿನ ಹೆಣ್ಣುಮಗಳು ಬರಲಿಲ್ಲ. ಅವಳಿಗೆ ವರ್ಗವಾಗಿತ್ತು. ಯುಗಾದಿಗೆ ಮೂರೇ ಜನ ನಿಂತಿದ್ದರು. ಬೆಂಗಳೂರಿನವರಿಗೆ ಫೋನು ಮಾಡಿ ನಮ್ಮ ಮನೆಯವರು, "ಮೂರೂವರೆ," ಎಂದರು. ಆ ಅರ್ಧ ನಾನು. ಹುಣಸೆ ಬೀಜದ ಪುಟ ಶುರು ಮಾಡಿದ್ದೆ, ಮುಗಿಸಿರಲಿಲ್ಲ.

ಅವರಿಗೆ ಕಾಯಿಲೆ ಬಂದದ್ದು ಅದರ ಮಾರನೆಯ ವರ್ಷ. ಬೇಗ ಮುಗಿಯಿತು. ಅದನ್ನು ಇಲ್ಲಿ ಬರೆಯುವುದಿಲ್ಲ.

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ನಾನು ಹೇಳಿದವಳಲ್ಲ, ಬರೆದವಳೂ ಅಲ್ಲ. ಆದರೆ ನಾಲ್ಕನೆಯ ಕಂಪ್ಯೂಟರಿನ ಮುಂದೆ ಕೂತು ಯಾವ ಪುಟದ ಇತಿಹಾಸ ತೆಗೆದರೂ ಅವರ ಹೆಸರು ಸಾಲಾಗಿ ಇಳಿಯುತ್ತದೆ. ಮುದ್ದೆ, ಕೆರೆ, ಕಂಬಳಿ. ಒಂದೊಂದಾಗಿ ಓದುತ್ತೇನೆ. ಗಿರಾಕಿ ಬಂದರೆ ಏಳುತ್ತೇನೆ.

ಹುಣಸೆ ಬೀಜದ ಪುಟದಲ್ಲಿ ಮಾತ್ರ ಅವರ ಹೆಸರಿಲ್ಲ. ಅದರ ಚರ್ಚೆಯ ಜಾಗದಲ್ಲಿ ಇದೆ. ಹೆಂಡತಿಗೆ ಬಹುವಚನ ಹಾಕಿ, 'ಬಹಳ ಚೆನ್ನಾಗಿ ಬರೆದಿದ್ದೀರಿ. ಬೀಜ ಮಾರುಕಟ್ಟೆಯಿಂದ ಎಲ್ಲೆಲ್ಲಿಗೆ ಹೋಗುತ್ತದೆ ಎಂಬುದನ್ನೂ ಸೇರಿಸುತ್ತೀರಾ?' ಎಂದು ಬರೆದಿದ್ದಾರೆ. ಅದಕ್ಕೆ ಉತ್ತರ ಕೊಡದೆ ಬಿಟ್ಟಿದ್ದೆ. ಒಂದೇ ಮನೆಯಲ್ಲಿ ಇದ್ದವರಿಗೆ ಕಂಪ್ಯೂಟರಿನಲ್ಲಿ ಉತ್ತರ ಬರೆಯುವುದೇನು ಎಂದು.

ಕಳೆದ ವಾರ ಆ ಪುಟಕ್ಕೆ ಯಾರೋ ಹೊಸಬರು ಬಂದಿದ್ದಾರೆ. 'ಒಂದು ರಾತ್ರಿ ನೆನೆಹಾಕಿ' ಎಂದು ನಾನು ಬರೆದಿದ್ದನ್ನು ಅಳಿಸಿ, 'ಹುರಿದು, ಕುಟ್ಟಿ' ಎಂದು ಹಾಕಿದ್ದಾರೆ. ಓದಿದೊಡನೆ ನನಗೆ ಮೈ ಉರಿಯಿತು. ಅಜ್ಜಿಯ ಬಾಯಿಂದ ಕೇಳಿ ಬರೆದದ್ದು ಅದು. ಕೈ ಆಗಲೇ ಕೀಬೋರ್ಡಿನ ಮೇಲೆ ಹೋಗಿತ್ತು. ಅಳಿಸಿದರೆ ಒಂದು ನಿಮಿಷದ ಕೆಲಸ.

ಎದ್ದು ಹೋಗಿ ಜೆರಾಕ್ಸ್ ಮೆಷಿನ್ ಒರೆಸಿದೆ. ಮತ್ತೆ ಬಂದು ಚರ್ಚೆಯ ಜಾಗದಲ್ಲಿ, ನಮ್ಮ ಮನೆಯವರ ಪ್ರಶ್ನೆಯ ಕೆಳಗೆ, ಬರೆದೆ: 'ನೀವು ಬಂದದ್ದು ಸಂತೋಷ. ನಮ್ಮ ಕಡೆ ನೆನೆಸುತ್ತಾರೆ. ಹುರಿಯುವುದು ಯಾವ ಊರಿನಲ್ಲಿ? ನಿಮ್ಮ ಮನೆಯಲ್ಲಿ ಯಾರು ಮಾಡುತ್ತಿದ್ದರು?'

ಮೇಷ್ಟ್ರಿಗೆ ಫೋನು ಮಾಡಿ ಹೇಳಿದೆ. "ಹುರಿದು ಮಾಡ್ತಾರಾ? ಸುಳ್ಳು ಕಣಮ್ಮಾ!" ಎಂದು ಕೂಗಾಡಿದರು. ಆಮೇಲೆ ಅವರೇ, "ಇರು, ಇರು, ಮುಟ್ಬ್ಯಾಡ. ಅವ್ರು ಏನಂತಾರೋ ನೋಡಾಣ," ಎಂದರು.

ಇವತ್ತು ಬೆಳಿಗ್ಗೆ ಉತ್ತರ ಬಂದಿದೆ. ಚಿಲಮತ್ತೂರಿನ ಹತ್ತಿರದ ಹಳ್ಳಿಯವರಂತೆ. ಅವರ ದೊಡ್ಡಮ್ಮ ಹುರಿದೇ ಮಾಡುತ್ತಿದ್ದರಂತೆ. ನೆನೆಸುವುದನ್ನು ಗೊತ್ತಿಲ್ಲದೆ ಅಳಿಸಿಬಿಟ್ಟೆ, ಎರಡನ್ನೂ ಹಾಕುತ್ತೇನೆ ಎಂದಿದ್ದಾರೆ. ಕೊನೆಗೆ, ಭಾನುವಾರ ಹಿಂದೂಪುರಕ್ಕೆ ಸಂತೆಗೆ ಬರುತ್ತೇವೆ, ಎಲ್ಲಿ ಸಿಗುತ್ತೀರಿ ಎಂದು ಕೇಳಿದ್ದಾರೆ.

ಬಸ್ ಸ್ಟ್ಯಾಂಡಿನ ಹಿಂದೆ, ಜೆರಾಕ್ಸ್ ಅಂಗಡಿ, ಎಂದು ಬರೆದೆ. ಮೇಷ್ಟ್ರ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಡಬೇಕು.